ಮೂಗಿನ ತುದಿಯ ಕೋಪ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರ ಹತ್ತಿರ ವ್ಯವಹಾರ ಕಷ್ಟ ಎಂದು ಹಂಗಾರಕಟ್ಟೆಯಿಂದ ಬೈಂದೂರಿನವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ‘ಹ್ವಾಯ್’ ಅಂದರೆ ಸಾಕು, ಹಾರಿ ಬೀಳುತ್ತಾರೆ. ಇದೇ ಗುಣ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದ ಕೋಲಾದ ಜಾಯ್‌ಸ್ಟಿಕ್ಕಿಗೆ ಇದ್ದರೆ ಮಾತ್ರ ಕಂಪೆನಿಯವರು ಅದನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಹೆಚ್ಚು ಬೆಲೆಗೆ ಮಾರುತ್ತಾರೆ. ಕೊಂಡವನು ಅದನ್ನು ಮೇಜಿನ ಮೇಲಿಟ್ಟು, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ತೆರೆದು, ಬಜಪೆಯ ರನ್‌ವೇಯಿಂದ ಒಂದು ಸೆಸ್ನಾ 172 ವಿಮಾನವನ್ನು ಮೇಲೇರಿಸುತ್ತಾನೆ. ಅಲ್ಲಿಂದ ಹಂಗಾರಕಟ್ಟೆಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 55 ಕಿಲೋಮೀಟರು, ಕಾಲು ಗಂಟೆಯ ಹಾದಿ. ಹೆಜಮಾಡಿಯ ಟೋಲಿನ ಕಾಟವೂ ಇಲ್ಲ. ಆದರೆ ಸುರತ್ಕಲ್ ದಾಟುವಷ್ಟರಲ್ಲಿ ವಿಮಾನದ ಮೂಗು ಒಮ್ಮೆ ಆಕಾಶ ನೋಡುತ್ತದೆ, ಮರುಕ್ಷಣ ಕಡಲಿಗೆ ಮುಖ ಮಾಡುತ್ತದೆ. ಕಾಪುವಿನ ಲೈಟ್‌ಹೌಸು ಕಿಟಕಿಯ ಕೆಳಗೆ ಕಾಣಬೇಕಾದದ್ದು ತಲೆಯ ಮೇಲೆ ಕಾಣಿಸುತ್ತದೆ. ಮಲ್ಪೆ ಬರುವ ಮೊದಲೇ ಹಾರಾಟ ಮುಗಿದಿರುತ್ತದೆ, ಅದೂ ನೀರಿನಲ್ಲಿ. ಇದಕ್ಕೆ ಮದ್ದು ಆಟದ ಸೆಟ್ಟಿಂಗ್‌ನೊಳಗೇ ಇದೆ. ಸೆನ್ಸಿಟಿವಿಟಿ ಎಂಬ ಹೆಸರಿನ ಸ್ಲೈಡರನ್ನು ಮೈನಸ್ ಕಡೆಗೆ ಒಂದಿಷ್ಟು ಎಳೆದರೆ ಕೋಲಿನ ಕೋಪ ಇಳಿಯುತ್ತದೆ. ಎಳೆಯಲು ಹಿಂಜರಿಯುವವರು ಮಾತ್ರ ಬಹಳ. ಅದು ಮೋಸ, ಅದು ಮಕ್ಕಳ ಸೈಕಲ್ಲಿಗೆ ಕಟ್ಟುವ ಪಕ್ಕದ ಗಾಲಿ ಎಂಬುದು ಅವರ ಅಂಬೋಣ. ನನ್ನ ವಾದ ಇದಕ್ಕೆ ನೇರ ವಿರುದ್ಧ. ಮೇಜಿನ ಮೇಲೆ ಇಲ್ಲದ ಗಾಳಿಯನ್ನು ಲೆಕ್ಕಕ್ಕಾದರೂ ತಂದಿಡುವ ಕೆಲಸ ಆ ಸ್ಲೈಡರಿನದು. ಅದನ್ನು ಎಳೆಯದೆ ಹಾರಿಸುವವನೇ ನಿಜವಾದ ವಿಮಾನದಿಂದ ಹೆಚ್ಚು ದೂರದಲ್ಲಿದ್ದಾನೆ.

ಆ ಸ್ಲೈಡರಿರುವ ಪರದೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಒಂದು ಗೆರೆ, ಗೆರೆಯ ಮೇಲೆ ಒಂದು ಚುಕ್ಕೆ. ಕೋಲು ಬಗ್ಗಿಸಿದರೆ ಚುಕ್ಕೆ ಗೆರೆಯ ಮೇಲೆ ಓಡುತ್ತದೆ, ಬಿಟ್ಟರೆ ನಡುವಿಗೆ ಬಂದು ನಿಲ್ಲುತ್ತದೆ. ಹಳೆಯ ಕೋಲಾದರೆ ನಿಲ್ಲುವುದಿಲ್ಲ, ಕೈ ಬಿಟ್ಟ ಮೇಲೂ ಸಣ್ಣಗೆ ನಡುಗುತ್ತಲೇ ಇರುತ್ತದೆ. ಗೆರೆ ನೆಟ್ಟಗಿದ್ದರೆ ಕೈ ಎಷ್ಟೋ ವಿಮಾನಕ್ಕೂ ಅಷ್ಟೇ. ಸ್ಲೈಡರನ್ನು ಮೈನಸ್ಸಿಗೆ ಎಳೆದಂತೆ ಗೆರೆ ನಡುವಿನಲ್ಲಿ ಮಲಗುತ್ತದೆ, ಅಂಚಿಗೆ ಹೋದಂತೆ ಎದ್ದು ನಿಲ್ಲುತ್ತದೆ. ಆಟದಿಂದ ಆಟಕ್ಕೆ ಸೂತ್ರ ಬೇರೆ ಬೇರೆ. ‘ಅರ್ಧ ನೇರ, ಅರ್ಧ ಘನ’ ಅನ್ನುವ ಬಳಕೆಯ ಲೆಕ್ಕವನ್ನೇ ಹಿಡಿದರೂ ವಿಷಯ ತಿಳಿಯುತ್ತದೆ: ಕೋಲನ್ನು ನೂರರಲ್ಲಿ 20 ಭಾಗ ಬಗ್ಗಿಸಿದರೆ ವಿಮಾನಕ್ಕೆ ತಲುಪುವುದು ಹತ್ತಕ್ಕೆ ತುಸು ಮೇಲೆ, 50 ಬಗ್ಗಿಸಿದರೆ 31, 80ಕ್ಕೆ ಸುಮಾರು 66, 100ಕ್ಕೆ ಪೂರ್ತಿ 100. ರಿಮೋಟ್ ಹಿಡಿದು ಸಣ್ಣ ವಿಮಾನ ಹಾರಿಸುವ ಹವ್ಯಾಸಿಗಳು ಇದನ್ನೇ ‘ಎಕ್ಸ್‌ಪೋ’ ಎನ್ನುತ್ತಾರೆ, ಮತ್ತು ಅದನ್ನು ಹಾಕಿಕೊಳ್ಳುವುದಕ್ಕೆ ಅವರಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಅವರ ವಿಮಾನ ಬಿದ್ದರೆ ನಿಜವಾಗಿಯೂ ಮುರಿಯುತ್ತದೆ. ಕೈಯಿಂದ ದುಡ್ಡು ಹೋಗುವಲ್ಲಿ ಸಿದ್ಧಾಂತಗಳು ಬೇಗ ಮೆತ್ತಗಾಗುತ್ತವೆ.

ಮೊದಲಿಗೆ, ಚುರುಕು ಕೋಲು ವಿಮಾನವನ್ನು ಯಾಕೆ ಕುಣಿಸುತ್ತದೆ? ಕೈ ನಡುಗುವುದಕ್ಕಲ್ಲ, ಕೈ ತಡವಾಗುವುದಕ್ಕೆ. ಮೂಗು ಮೇಲೆದ್ದದ್ದನ್ನು ಕಣ್ಣು ಕಂಡು, ಮಂಡೆಗೆ ಹೇಳಿ, ಮಂಡೆ ಕೈಗೆ ಅಪ್ಪಣೆ ಕೊಡುವಷ್ಟರಲ್ಲಿ ಕಾಲು ಸೆಕೆಂಡು ಕಳೆದಿರುತ್ತದೆ. ಅದಕ್ಕೆ ಕಂಪ್ಯೂಟರಿನ ತಡ ಬೇರೆ ಸೇರುತ್ತದೆ. ಅಷ್ಟರಲ್ಲಿ ಮೂಗು ತಾನಾಗಿಯೇ ಇಳಿಯತೊಡಗಿರುತ್ತದೆ. ನಾವು ಆಗ ಒತ್ತುತ್ತೇವೆ, ಇಳಿಯುತ್ತಿದ್ದದ್ದು ಇನ್ನಷ್ಟು ಇಳಿಯುತ್ತದೆ. ಹೆದರಿ ಎಳೆಯುತ್ತೇವೆ, ಏರುತ್ತಿದ್ದದ್ದು ಇನ್ನಷ್ಟು ಏರುತ್ತದೆ. ತಡದ ಜೊತೆಗೆ ಚುರುಕು ಸೇರಿದರೆ ಪ್ರತಿ ತಿದ್ದುಪಡಿಯೂ ಹೊಸ ತಪ್ಪಾಗಿ ಬೆಳೆಯುತ್ತದೆ. ಇದು ಆಟದ ಮಕ್ಕಳಿಗೆ ಮಾತ್ರ ಬರುವ ರೋಗವೂ ಅಲ್ಲ. 1903ರ ಡಿಸೆಂಬರ್ 17ರಂದು ಆರ್ವಿಲ್ ರೈಟ್ ಮನುಷ್ಯಕುಲದ ಮೊದಲ ಯಂತ್ರಹಾರಾಟ ನಡೆಸಿದಾಗ ಅವನು ಆಮೇಲೆ ಬರೆದಿಟ್ಟ ದೂರು ಇದೇ: ಮೂಗನ್ನು ಏರಿಸಿ ಇಳಿಸುವ ಮುಂದಿನ ಎಲಿವೇಟರು ನಡುವಿಗೆ ತೀರಾ ಹತ್ತಿರದಲ್ಲಿ ತೂಗಿದ್ದರಿಂದ ಅತಿ ಚುರುಕಾಗಿತ್ತು, ಸ್ವಲ್ಪ ತಿರುಗಿಸಿದರೆ ತಾನಾಗಿಯೇ ಬಹಳ ತಿರುಗುತ್ತಿತ್ತು. ಅದರಿಂದ ಯಂತ್ರ ತಟಕ್ಕನೆ ಹತ್ತಡಿ ಏರುವುದು, ತಟಕ್ಕನೆ ನೆಲಕ್ಕೆ ನುಗ್ಗುವುದು. 12 ಸೆಕೆಂಡು, 120 ಅಡಿ, ಅಷ್ಟರಲ್ಲೇ ಇಷ್ಟೆಲ್ಲ. ಅಂದರೆ ವಿಮಾನದ ಚರಿತ್ರೆಯೂ ಸೆನ್ಸಿಟಿವಿಟಿಯ ದೂರೂ ಒಂದೇ ದಿನ ಹುಟ್ಟಿದವು.

ರೈಟ್ ಸೋದರರು ಸೈಕಲ್ ಅಂಗಡಿಯವರು, ಗೊತ್ತಾಗಲಿಲ್ಲ ಎನ್ನೋಣ. ಎಪ್ಪತ್ತು ವರ್ಷ ಕಳೆದ ಮೇಲೆ, 1974ರ ಜನವರಿ 20ರಂದು, ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಎಫ್-16ರ ಮೊದಲ ಮಾದರಿಯನ್ನು ರನ್‌ವೇಯ ಮೇಲೆ ವೇಗವಾಗಿ ಓಡಿಸಿ ನೋಡುವ ಪರೀಕ್ಷೆ ಇತ್ತು. ಓಡಿಸಿ ನೋಡುವುದಷ್ಟೇ, ಹಾರುವ ಕಾರ್ಯಕ್ರಮ ಅಂದು ಇರಲಿಲ್ಲ. ಅದರ ಕೋಲು ಅಲ್ಲಾಡುತ್ತಲೇ ಇರಲಿಲ್ಲ, ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು, ಮತ್ತು ಪಕ್ಕಕ್ಕೆ ವಾಲಿಸುವ ಚುರುಕನ್ನು ಜಾಸ್ತಿ ಇಟ್ಟಿದ್ದರು. ಪೈಲಟ್ ಫಿಲ್ ಓಸ್ಟ್ರಿಕರ್ ಸಣ್ಣಗೆ ಮುಟ್ಟಿದ, ವಿಮಾನ ಎಡಕ್ಕೆ ವಾಲಿತು. ತಿದ್ದಿದ, ಬಲಕ್ಕೆ ಇನ್ನೂ ಹೆಚ್ಚು ವಾಲಿತು. ಮೈ ನೆಲಕ್ಕೆ ತಾಗಿತು, ರನ್‌ವೇಯಿಂದ ಹೊರಗೆ ಹೋಗುವ ಹಾಗಾಯಿತು. ನೆಲದ ಮೇಲಿರುವುದಕ್ಕಿಂತ ಆಕಾಶವೇ ಕ್ಷೇಮ ಎಂದು ತೀರ್ಮಾನಿಸಿ ಅವನು ಹಾರಿಯೇಬಿಟ್ಟ. ಕೆಲವು ನಿಮಿಷ ಸುತ್ತಿ ಸುರಕ್ಷಿತವಾಗಿ ಇಳಿದ. ಅಧಿಕೃತ ‘ಮೊದಲ ಹಾರಾಟ’ ನಡೆದದ್ದು ಫೆಬ್ರವರಿ 2ಕ್ಕೆ, ಚುರುಕು ತಗ್ಗಿಸಿದ ಮೇಲೆ. ಮುಂದೆ ಆ ಕೋಲಿಗೆ ಒಂದಿಷ್ಟು ಅಲ್ಲಾಟವನ್ನೂ ಕೊಟ್ಟರು. ಜಗತ್ತಿನ ಅತ್ಯುತ್ತಮ ಪೈಲಟ್ಟುಗಳಲ್ಲಿ ಒಬ್ಬನಿಗೆ ಸ್ಲೈಡರು ಬೇಕಾಯಿತು ಎಂದ ಮೇಲೆ ಹಂಗಾರಕಟ್ಟೆಯಲ್ಲಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತವನು ತನಗದು ಬೇಡ ಎನ್ನುವುದು ಧೈರ್ಯವೋ ಮೊಂಡುತನವೋ, ನೀವೇ ಹೇಳಿ.

ಇಲ್ಲಿ ಶುದ್ಧವಾದಿಗಳು ಎದ್ದು ನಿಲ್ಲುತ್ತಾರೆ. ‘ಅಸ್ಲಿ ಸೆಸ್ನಾದಲ್ಲಿ ಕರ್ವು ಗಿರ್ವು ಎಲ್ಲಿತ್ ಮಾರಾಯ್ರೆ? ಕೈಯಿಂದ ರೆಕ್ಕೆಗೆ ನೇರ ತಂತಿ.’ ಮಾತು ನಿಜ. ತಂತಿ ನೇರವೇ. ಆದರೆ ತಂತಿಯ ಆ ತುದಿಯಲ್ಲಿ ಗಾಳಿ ಇದೆ, ಈ ತುದಿಯಲ್ಲಿ ಅದನ್ನು ತೂಗುವ ಕೈ ಇದೆ. ವೇಗ ಇಮ್ಮಡಿಯಾದರೆ ಎಲಿವೇಟರಿನ ಮೇಲೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದೇ ಹಿಡಿ, ಅದೇ ಅಂತರ, ಆದರೆ ಕೈಗೆ ನಾಲ್ಕು ಪಟ್ಟು ಭಾರ. ಹಾಗಾಗಿ ವೇಗದಲ್ಲಿ ಯಾರೂ ತಿಳಿಯದೆ ಜಾಸ್ತಿ ಎಳೆಯುವುದಿಲ್ಲ, ಗಾಳಿಯೇ ಕೈ ಹಿಡಿದು ಬೇಡ ಎನ್ನುತ್ತದೆ. ಮೇಜಿನ ಕೋಲಿನಲ್ಲಿರುವುದು ಒಂದು ಸ್ಪ್ರಿಂಗು. ಬಜಪೆಯಲ್ಲಿ ವಿಮಾನ ನಿಂತಿದ್ದರೂ ಅದಕ್ಕೆ ಅಷ್ಟೇ ಬಿಗಿ, ಗಂಟೆಗೆ ಎಂಟುನೂರು ಕಿಲೋಮೀಟರಿನಲ್ಲಿ ಹೋಗುತ್ತಿದ್ದರೂ ಅಷ್ಟೇ ಬಿಗಿ. ಉದ್ದದ ಲೆಕ್ಕವೂ ಇದೆ. ಮೊಣಕಾಲುಗಳ ನಡುವೆ ನಿಲ್ಲುವ 60 ಸೆಂಟಿಮೀಟರಿನ ಕೋಲನ್ನು 20 ಡಿಗ್ರಿ ಬಗ್ಗಿಸಿದರೆ ಕೈ ಸುಮಾರು 21 ಸೆಂಟಿಮೀಟರು ಚಲಿಸುತ್ತದೆ. ಮೇಜಿನ 18 ಸೆಂಟಿಮೀಟರಿನ ಗಿಡ್ಡಕೋಲನ್ನು ಅಷ್ಟೇ ಬಗ್ಗಿಸಿದರೆ ಆರು ಸೆಂಟಿಮೀಟರು ಚಿಲ್ಲರೆ. ಅದೇ ಕೆಲಸವನ್ನು ಮೂರನೇ ಒಂದು ಜಾಗದಲ್ಲಿ ಮಾಡು ಎಂದು ಕೈಗೆ ಹೇಳಿದಂತಾಯಿತು. ಕೆಲವರು ಕೋಲಿನ ಬುಡಕ್ಕೆ ಉದ್ದದ ಕೊಳವೆ ಜೋಡಿಸಿ ನೆಲದಿಂದಲೇ ಎಬ್ಬಿಸುತ್ತಾರೆ. ಶುದ್ಧವಾದಿಗಳು ಅದಕ್ಕೆ ಮಾತ್ರ ಚಪ್ಪಾಳೆ ತಟ್ಟುತ್ತಾರೆ. ಕಬ್ಬಿಣದಲ್ಲಿ ಮಾಡಿದರೆ ವಾಸ್ತವ, ಲೆಕ್ಕದಲ್ಲಿ ಮಾಡಿದರೆ ಮೋಸ ಅನ್ನುವುದು ಯಾವ ನ್ಯಾಯ?

ಗಾಳಿ ಕೈ ಹಿಡಿಯುವುದು ಎಂದರೇನು ಎಂದು ತಿಳಿಯಲು ವಿಮಾನವೇ ಬೇಕಿಲ್ಲ, ಹಂಗಾರಕಟ್ಟೆಯ ಜೆಟ್ಟಿಯ ಮೇಲೆ ನಿಂತು ಅಳಿವೆಯ ಕಡೆ ಕಂಡರೂ ಆಯಿತು. ಸೀತೆಯೂ ಸುವರ್ಣೆಯೂ ಕೂಡಿ ಕೋಡಿಬೆಂಗ್ರೆಯ ಪಕ್ಕದಲ್ಲಿ ಕಡಲಿಗಿಳಿಯುವ ಬಾಯಿ ಅದು. ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಯವನು ಹಿಂದೆ ಕೂತು ಹಿಡಿ ಹಿಡಿದಿರುತ್ತಾನೆ. ನೀರು ಆ ಹಿಡಿಯನ್ನು ಸದಾ ತಳ್ಳುತ್ತಿರುತ್ತದೆ, ತೆರೆ ಬಂದಾಗ ಹೆಚ್ಚು, ಒಳಗಿನ ಹೊಳೆಯಲ್ಲಿ ಕಡಿಮೆ. ಅವನ ಕಣ್ಣು ಮುಂದಿನ ತೆರೆಯ ಮೇಲಿದ್ದರೂ ದೋಣಿಯ ಸಮಾಚಾರವೆಲ್ಲ ಅಂಗೈಗೆ ಬಂದು ಮುಟ್ಟುತ್ತದೆ. ಈಗ ಇದೇ ತೀರದಲ್ಲಿ ಬೇರೊಂದು ಬಗೆಯ ಹಿಡಿಯೂ ಬಂದಿದೆ. ಮಲ್ಪೆ ಮತ್ತು ಹಂಗಾರಕಟ್ಟೆಗಳಲ್ಲಿ ಯಾರ್ಡುಗಳಿರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ 62 ಟನ್ ಎಳೆಯುವ ತಾಕತ್ತಿನ ಟಗ್ಗುಗಳನ್ನು ಕಟ್ಟುತ್ತದೆ. ಇಂಥ ಬಂದರು ಟಗ್ಗುಗಳಿಗೆ ಸಾಮಾನ್ಯವಾಗಿ ಚುಕ್ಕಾಣಿಯ ಹಲಗೆಯೇ ಇರುವುದಿಲ್ಲ, ಪ್ರೊಪೆಲ್ಲರು ಹೊತ್ತ ಕಾಲೇ 360 ಡಿಗ್ರಿ ತಿರುಗುತ್ತದೆ. ಮಾಸ್ಟರು ಎರಡು ಕೈಯಲ್ಲಿ ಎರಡು ಸಣ್ಣ ಹಿಡಿ ಹಿಡಿದು ಅವನ್ನು ನಡೆಸುತ್ತಾನೆ. ಬೆರಳು ತುಸು ತಿರುಗಿತು ಅಂದರೆ ಕೆಳಗೆ ಸಾವಿರಾರು ಅಶ್ವಶಕ್ತಿ ದಿಕ್ಕು ಬದಲಿಸಿತು. ಆದರೆ ಆ ಹಿಡಿಗೆ ನೀರಿನ ಭಾರ ಬರುವುದಿಲ್ಲ, ಮಧ್ಯದಲ್ಲಿ ವಿದ್ಯುತ್ತಿನ ಸಂಕೇತ ಮಾತ್ರ. ನಾಡದೋಣಿಯ ಹಿಡಿ ಮಾತಾಡುತ್ತದೆ, ಟಗ್ಗಿನ ಹಿಡಿ ಕೇಳಿಸಿಕೊಳ್ಳುತ್ತದೆ ಅಷ್ಟೇ. ಜಾಯ್‌ಸ್ಟಿಕ್ಕು ಎರಡನೆಯ ಜಾತಿಯದು. ಮಾತಾಡದ ಹಿಡಿಗೆ ನೇರ ಗೆರೆ ಕೊಟ್ಟರೆ ಅದು ಹೇಳಿದ್ದನ್ನೆಲ್ಲ ನಂಬುವ ಜವಾನನಂತೆ ಕೆಲಸ ಕೆಡಿಸುತ್ತದೆ. ಹೇಳಿದ್ದರಲ್ಲಿ ಎಷ್ಟು ಲೆಕ್ಕಕ್ಕೆ, ಎಷ್ಟು ಬರೀ ಕೈನಡುಕ ಎಂದು ನಡುವೆ ಯಾರಾದರೂ ತೂಗಬೇಕು.

ಹಾಗೆ ತೂಗುವವರು ನಿಜವಾದ ವಿಮಾನದಲ್ಲೂ ಇದ್ದಾರೆ, ಅದೂ ನಮ್ಮ ರಾಜ್ಯದಲ್ಲೇ ಕೂತು ಕೆಲಸ ಮಾಡಿದವರು. ತೇಜಸ್ ಯುದ್ಧವಿಮಾನ ಹುಟ್ಟಿನಿಂದಲೇ ಅಸ್ಥಿರ. ಬಿಟ್ಟರೆ ನೆಟ್ಟಗೆ ಹಾರುವ ಸ್ವಭಾವವೇ ಅದಕ್ಕಿಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಪೈಲಟ್ಟಿನ ಕೋಲಿಗೂ ರೆಕ್ಕೆಗೂ ನೇರ ಸಂಬಂಧ ಇಲ್ಲ. ಕೋಲು ಕೇಳುತ್ತದೆ, ಕಂಪ್ಯೂಟರು ಯೋಚಿಸಿ ಕೊಡುತ್ತದೆ. ಎಷ್ಟು ಕೇಳಿದರೆ ಎಷ್ಟು ಕೊಡಬೇಕು ಎಂಬ ಆ ನಿಯಮಗಳನ್ನು ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಮುಂದಾಳತ್ವದ ತಂಡ ವರ್ಷಗಟ್ಟಲೆ ಸಿಮ್ಯುಲೇಟರಿನಲ್ಲಿ ಕೂತು ಹದ ಮಾಡಿತು. 1996ರಲ್ಲಿ ಅಮೆರಿಕಕ್ಕೆ ಹೋಗಿ, ಬೇರೆ ವಿಮಾನಗಳ ಗುಣವನ್ನು ನಟಿಸಬಲ್ಲ ಎಫ್-16ರ ಒಂದು ಪ್ರಯೋಗವಿಮಾನದಲ್ಲಿ ಪರೀಕ್ಷಿಸಿ ಬಂದರು. 1998ರ ಪೋಖ್ರಾನ್ ಸ್ಫೋಟದ ನಂತರ ಅಮೆರಿಕದ ಬಾಗಿಲು ಮುಚ್ಚಿದ್ದರಿಂದ ಮಿಕ್ಕ ಕೆಲಸ ಇಲ್ಲೇ ಆಯಿತು. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಬೆಂಗಳೂರಿನಲ್ಲಿ ಅದನ್ನು ಮೊದಲ ಬಾರಿಗೆ ಹಾರಿಸಿದಾಗ ಎಡ್ವರ್ಡ್ಸ್‌ನ ಆ ಕುಣಿತ ನಡೆಯಲಿಲ್ಲ. ಇಂಥ ವಿಮಾನಗಳಲ್ಲಿ ಕೋಲಿನ ಗೆರೆ ನೆಟ್ಟಗಿರಬೇಕೆಂದು ಯಾವ ಎಂಜಿನಿಯರೂ ಹಟ ಹಿಡಿಯುವುದಿಲ್ಲ. ನಡುವಿನಲ್ಲಿ ಮೆತ್ತಗೆ, ಅಂಚಿನಲ್ಲಿ ಚುರುಕು ಎಂಬುದು ಆ ವೃತ್ತಿಯ ಹಳೆಯ ರೂಢಿ. ವೃತ್ತಿಯವರು ವರ್ಷಗಟ್ಟಲೆ ಮಾಡಿದ್ದನ್ನು ಆಟದವನು ಒಂದು ಸ್ಲೈಡರಿನಲ್ಲಿ ಮಾಡಿಕೊಂಡರೆ ಅವನಿಗೆ ಮಾತ್ರ ಯಾಕಪ್ಪ ಅಪಕೀರ್ತಿ?

‘ಕೈ ಪಳಗ್ರೆ ಎಲ್ಲ ಸಮ ಆತ್ತ್’ ಎಂಬ ಇನ್ನೊಂದು ಬಣವಿದೆ. ಇವರ ಮಾತಿನಲ್ಲಿ ಹುರುಳಿದೆ. ಕೈ ಎಂಥದಕ್ಕೂ ಒಗ್ಗುತ್ತದೆ, ಎಷ್ಟೋ ಮಂದಿ ನೇರ ಗೆರೆಯಲ್ಲೇ ಸೊಗಸಾಗಿ ಇಳಿಸುತ್ತಾರೆ. ಆದರೆ ಕೈ ಒಗ್ಗುವುದು ಆ ಒಂದು ಕೋಲಿಗೆ, ಆ ಒಂದು ಸ್ಪ್ರಿಂಗಿಗೆ. ಅದರಿಂದ ಕಲಿತದ್ದು ವಿಮಾನ ಹಾರಿಸುವುದನ್ನೋ, ಸ್ಪ್ರಿಂಗಿನ ಹುಚ್ಚಾಟ ತಡೆಯುವುದನ್ನೋ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಮತ್ತು ಅದನ್ನು ಒಪ್ಪಲೇಬೇಕು: ಗಾಳಿಯೇ ಬೇಕಿದ್ದರೆ ಗಾಳಿಯ ಭಾರ ತೋರಿಸುವ ಕೋಲನ್ನೇ ತನ್ನಿ, ಗೆರೆ ಯಾಕೆ ಬಗ್ಗಿಸುತ್ತೀರಿ? ಸರಿಯೇ. ಒಳಗೆ ಮೋಟಾರಿಟ್ಟು ಕೈಯನ್ನು ತಿರುಗಿ ತಳ್ಳುವ ಸೈಡ್‌ವಿಂಡರ್ ಕೋಲನ್ನು ಮೈಕ್ರೋಸಾಫ್ಟ್ 1997ರಲ್ಲೇ ಮಾರಿತ್ತು. ಅದರಲ್ಲಿ, ಕೈಗೆ ಬರುವ ಭಾರ ಕಳೆಯುವ ಟ್ರಿಮ್ ತಿರುಗಿಸಿದರೆ ಕೋಲಿನ ನಡುವೇ ಜಾಗ ಬದಲಿಸುತ್ತಿತ್ತು, ನಿಜವಾದ ವಿಮಾನದಲ್ಲಾಗುವ ಹಾಗೆ. ಸ್ಪ್ರಿಂಗ್ ಕೋಲಿನಲ್ಲಿ ನಡು ಎಂದರೆ ಕಾರ್ಖಾನೆಯವರು ಇಟ್ಟದ್ದೇ ನಡು. ಮೋಟಾರಿನ ಆ ಕೋಲುಗಳು ನಡುವೆ ಮಾರುಕಟ್ಟೆಯಿಂದ ಮಾಯವಾಗಿದ್ದವು. ಈಗ ಮತ್ತೆ ಬರುತ್ತಿವೆ, ಆದರೆ ಬೆಲೆ ಕೇಳಿದರೆ ಮಂಡೆ ಬಿಸಿ ಆಗುತ್ತದೆ. ಅಂಥದ್ದು ಮನೆಗೆ ಬಂದ ದಿನ ಗೆರೆಯನ್ನು ನೆಟ್ಟಗೆ ಮಾಡಿಬಿಡಿ, ನನ್ನ ತಕರಾರಿಲ್ಲ. ನನ್ನ ವಾದ ಇರುವುದೇ ಗಾಳಿ ಇಲ್ಲದವರ ಪರವಾಗಿ.

ಇನ್ನು ನಮ್ಮ ಬಣದೊಳಗಿನವರಿಗೇ ಎರಡು ಮಾತು. ಗೆರೆ ಬಗ್ಗಿಸುವುದು ಒಳ್ಳೆಯದು ಎಂದಕೂಡಲೇ ಕೆಲವರು ಅದನ್ನು ನೆಲಕ್ಕೇ ಮಲಗಿಸಿಬಿಡುತ್ತಾರೆ. ಹಿಂದಿನ ಅದೇ ಲೆಕ್ಕವನ್ನು ಇನ್ನೊಮ್ಮೆ ನೋಡಿ: ನಡುವಿನಲ್ಲಿ ಗೆರೆಯ ಏರು ಅರ್ಧಕ್ಕಿಳಿದಿದೆ, ತುದಿಯಲ್ಲಿ ಇಮ್ಮಡಿಯಾಗಿದೆ. ಅಂದರೆ ನಡುವಿಗಿಂತ ತುದಿ ನಾಲ್ಕು ಪಟ್ಟು ಚುರುಕು. ನಡುವಿನಲ್ಲಿ ಉಳಿಸಿದ್ದನ್ನು ತುದಿಯಲ್ಲಿ ಬಡ್ಡಿ ಸಮೇತ ತೆರಬೇಕಾಗುತ್ತದೆ. ನೆಟ್ಟಗೆ ಹಾರುವಾಗ ಇದು ತಿಳಿಯುವುದಿಲ್ಲ. ಗುಡ್ಡದ ತಲೆ ಕಡಿದು ಮಾಡಿದ ಬಜಪೆಯ ರನ್‌ವೇಯಲ್ಲಿ ಇಳಿಯುವಾಗ, ವೇಗ ಇಳಿದು ಕೋಲನ್ನು ಬಹಳ ಹಿಂದಕ್ಕೆ ಎಳೆದಿರುವ ಕೊನೆಯ ಕೆಲವು ಸೆಕೆಂಡುಗಳಲ್ಲಿ, ಕೈ ಆ ಕಡಿದಾದ ಜಾಗಕ್ಕೆ ಬಂದು ತಲುಪುತ್ತದೆ. ಇನ್ನೊಂದು ಚೂರು ಎಳೆದದ್ದೇ ತಡ, ವಿಮಾನ ಮತ್ತೆ ಹಾರಲು ಹೊರಡುತ್ತದೆ. ಡೆಡ್ ಝೋನಿನ ಕಥೆಯೂ ಇಂಥದ್ದೇ. ಹಳೆಯ ಬಗೆಯ ಕೋಲಿನೊಳಗೆ ಇಂಗಾಲದ ಪಟ್ಟಿಯ ಮೇಲೆ ಒಂದು ಲೋಹದ ನಾಲಗೆ ಉಜ್ಜುತ್ತಿರುತ್ತದೆ. ಉಜ್ಜಿ ಉಜ್ಜಿ ಸವೆಯುವುದು ಹೆಚ್ಚಾಗಿ ನಡುಭಾಗವೇ, ಅದಕ್ಕೆ ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ಥಂಡಿ ಬೇರೆ. ಆಗ ಚುಕ್ಕೆ ಸುಮ್ಮಸುಮ್ಮನೆ ಹಾರುತ್ತದೆ. ನಡುವಿನಲ್ಲಿ ತುಸು ಜಾಗವನ್ನು ಸತ್ತ ಜಾಗವೆಂದು ಸಾರಿದರೆ ಆ ಹಾರಾಟ ಮುಚ್ಚಿಹೋಗುತ್ತದೆ, ಆದರೆ ಬೇಕಾದ ಸಣ್ಣ ಚಲನೆಯೂ ಅದರೊಂದಿಗೇ ಹೋಗುತ್ತದೆ. ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಕೋಲುಗಳಿಗೆ, ಉದಾಹರಣೆಗೆ ಥ್ರಸ್ಟ್‌ಮಾಸ್ಟರಿನ ಟಿ.16000ಎಂಗೆ, ಈ ಉಜ್ಜಾಟವಿಲ್ಲ, ಡೆಡ್ ಝೋನ್ ಕೂದಲೆಳೆಯಷ್ಟು ಸಾಕು. ಅದರ ಹೆಸರಿನ 16000 ಎಂದರೆ ಅದು ಗುರುತಿಸುವ ಮೆಟ್ಟಿಲುಗಳ ಲೆಕ್ಕ, ಚುರುಕಿನ ಲೆಕ್ಕವಲ್ಲ. ನುಣ್ಣಗೆ ಅಳೆಯುವುದೂ ಹಾರಿ ಬೀಳುವುದೂ ಬೇರೆ ಬೇರೆ ಎಂದು ಅಂಗಡಿಯವನು ಹೇಳುವುದಿಲ್ಲ.

ಹಾಗಾದರೆ ಎಷ್ಟು ಎಳೆಯಬೇಕು? ಇನ್ನೊಬ್ಬರ ಅಂಕಿಯನ್ನು ಕಾಪಿ ಹೊಡೆದು ಪ್ರಯೋಜನವಿಲ್ಲ, ಅವರ ಸ್ಪ್ರಿಂಗು ನಿಮ್ಮದಲ್ಲ. ಪರೀಕ್ಷೆಗೆ ಒಳ್ಳೆಯ ಜಾಗ ನಮ್ಮಲ್ಲೇ ಇದೆ. ಕೆಮ್ಮಣ್ಣು, ಹೂಡೆ ದಾಟಿದ ಮೇಲೆ ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ, ನಡುವೆ ಕೋಡಿಬೆಂಗ್ರೆಯ ತುದಿಯವರೆಗೆ ಕಿರಿದಾದ ಒಂದು ಮರಳಪಟ್ಟಿ, ಅದರ ಮೇಲೊಂದು ರಸ್ತೆ. ಐನೂರು ಅಡಿ ಎತ್ತರದಲ್ಲಿ ಆ ರಸ್ತೆಯ ನೆತ್ತಿ ಬಿಡದೆ ಉತ್ತರಕ್ಕೆ ಹಾರಿ. ವಿಮಾನ ಕಡಲಿಗೂ ಹೊಳೆಗೂ ನಡುವೆ ಡೊಂಕು ಹೊಡೆಯುತ್ತಿದ್ದರೆ ಇನ್ನೊಂದು ಹತ್ತು ಮೈನಸ್. ಪಟ್ಟಿ ಮುಗಿದಲ್ಲಿ ಹಂಗಾರಕಟ್ಟೆಯ ಕಡೆಗೆ ಬಲಕ್ಕೆ ಹೊರಳುವಾಗ ಮೊದಲು ಏನೂ ಆಗದೆ ಆಮೇಲೆ ತಟಕ್ಕನೆ ಮಗುಚುವ ಹಾಗಾದರೆ ಎಳೆದದ್ದು ಜಾಸ್ತಿಯಾಯಿತು, ಸ್ವಲ್ಪ ವಾಪಸು ತನ್ನಿ. ಹೊಳೆ ದಾಟಿಸುವ ಬಾರ್ಜಿಗೆ ಕಾದು ನಿಂತ ಬೈಕುಗಳ ಮೇಲಿಂದ ಎರಡು ಸುತ್ತು ನೆಮ್ಮದಿಯಾಗಿ ಹಾಕಲು ಬಂದರೆ ಸ್ಲೈಡರನ್ನು ಇನ್ನು ಮುಟ್ಟಬೇಡಿ. ಮುಟ್ಟುತ್ತಲೇ ಇರುವ ಒಂದು ಪಂಗಡವಿದೆ, ಅವರು ಹಾರುವುದಕ್ಕಿಂತ ಹೆಚ್ಚು ಹೊತ್ತು ಸೆಟ್ಟಿಂಗಿನಲ್ಲೇ ಕಳೆಯುತ್ತಾರೆ. ಕೋಲನ್ನು ತಿರುಚಿ ರಡ್ಡರ್ ನಡೆಸುವವರು ಅದಕ್ಕೆ ಇನ್ನೂ ಒಂದಿಷ್ಟು ಹೆಚ್ಚು ಮೈನಸ್ ಕೊಡಬಹುದು, ಮಣಿಕಟ್ಟಿಗೆ ತಿರುಚುವ ಅಂದಾಜು ಕಡಿಮೆ. ಥ್ರಾಟಲಿಗೆ ಏನೂ ಬೇಡ. ಅದಕ್ಕೆ ಸ್ಪ್ರಿಂಗೂ ಇಲ್ಲ, ನಡುವೂ ಇಲ್ಲ, ಇಟ್ಟಲ್ಲಿ ಇರುತ್ತದೆ.